ಹಾಸಿಗೆಯೇ ಅಪಾಯವಾದಾಗ

ಹೊಟ್ಟೆಯ ಆಪರೇಷನ್ ಆದ ಮರುದಿನ ಬೆಳಿಗ್ಗೆ ನರ್ಸ್ ಬಂದು, "ಏಳಿ ಅಮ್ಮಾ, ನಾಲ್ಕು ಹೆಜ್ಜೆ ನಡೀಬೇಕು" ಎಂದಾಗ ರೋಗಿಗಿಂತ ಮೊದಲು ಗಾಬರಿಯಾಗುವವರು ಪಕ್ಕದಲ್ಲಿ ಕುಳಿತ ಮನೆಯವರು. "ಹೊಲಿಗೆ ಇನ್ನೂ ಹಸಿಯಾಗಿದೆ ಸಿಸ್ಟರ್, ಇವತ್ತೊಂದು ದಿನ ಮಲಗಿರಲಿ" ಎಂಬ ಬೇಡಿಕೆ ಯಾವ ವಾರ್ಡಿಗೂ ಹೊಸದಲ್ಲ. ಮನೆಗೆ ಬಂದ ಮೇಲೂ ಅಷ್ಟೆ. ನೋಡಲು ಬರುವ ನೆಂಟರಿಷ್ಟರು ಹಣ್ಣಿನ ಜೊತೆಗೆ ಒಂದೇ ಬುದ್ಧಿಮಾತನ್ನು ತರುತ್ತಾರೆ: ಏಳಬೇಡಿ, ಓಡಾಡಬೇಡಿ, ಚೆನ್ನಾಗಿ ವಿಶ್ರಾಂತಿ ತೆಗೆದುಕೊಳ್ಳಿ.

ಈ ಕಾಳಜಿಯನ್ನು ಹಳ್ಳಿಗರ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಸುಮಾರು ಒಂದು ಶತಮಾನ ಕಾಲ ಯೂರೋಪು, ಅಮೆರಿಕಗಳ ದೊಡ್ಡ ದೊಡ್ಡ ಶಸ್ತ್ರವೈದ್ಯರು ಹೇಳಿದ್ದೂ ಇದನ್ನೇ. ಅವರ ರೋಗಿಗಳು ಎರಡು ಮೂರು ವಾರ ಅಲುಗಾಡದೆ ಮಲಗಿರುತ್ತಿದ್ದರು. ಗಾಯ ಮಾಯುತ್ತಿತ್ತು, ಜ್ವರ ಇಳಿಯುತ್ತಿತ್ತು, ಮನೆಗೆ ಹೊರಡುವ ದಿನವೂ ಬರುತ್ತಿತ್ತು. ಆ ದಿನ ಮೊದಲ ಬಾರಿಗೆ ಎದ್ದು ನಿಂತ ರೋಗಿ ಎದೆ ಹಿಡಿದುಕೊಂಡು ಕುಸಿದು, ಕೆಲವೇ ನಿಮಿಷಗಳಲ್ಲಿ ಸಾಯುವುದೂ ಇತ್ತು. ಯಶಸ್ವಿಯಾದ ಆಪರೇಷನ್ನಿನ ನಂತರದ ಈ ಸಾವಿಗೆ ಕಾರಣ ಹುಡುಕಿ, ಅದನ್ನು ತಡೆಯುವ ದಾರಿ ಕಂಡುಕೊಳ್ಳಲು ವೈದ್ಯವಿಜ್ಞಾನಕ್ಕೆ ನೂರಮೂವತ್ತು ವರ್ಷ ಹಿಡಿಯಿತು.

ಕಾಲಿನಿಂದ ಎದೆಗೆ

ಹೃದಯದಿಂದ ಹೊರಟ ರಕ್ತ ಅಪಧಮನಿಗಳ ಮೂಲಕ ಪಾದದವರೆಗೆ ರಭಸದಿಂದಲೇ ಇಳಿಯುತ್ತದೆ. ಹಿಂದಿರುಗುವ ದಾರಿ ಮಾತ್ರ ಕಷ್ಟದ್ದು. ಕಾಲಿನ ಒಳಗೆ, ಸ್ನಾಯುಗಳ ನಡುವೆ ಸಾಗುವ ಆಳದ ಅಭಿಧಮನಿಗಳಲ್ಲಿ ರಕ್ತವನ್ನು ಮೇಲಕ್ಕೆ ತಳ್ಳುವ ಮುಖ್ಯ ಶಕ್ತಿ ಮೀನಖಂಡದ ಸ್ನಾಯುಗಳದು. ಪ್ರತಿ ಹೆಜ್ಜೆಗೂ ಅವು ಬಿಗಿದು ಅಭಿಧಮನಿಯನ್ನು ಹಿಂಡುತ್ತವೆ. ಒಳಗಿನ ಪುಟ್ಟ ಕವಾಟಗಳು ರಕ್ತ ಕೆಳಗೆ ಜಾರದಂತೆ ತಡೆಯುತ್ತವೆ. ಮನುಷ್ಯ ನಡೆಯುವುದನ್ನು ನಿಲ್ಲಿಸಿದರೆ ಈ ಪಂಪು ನಿಲ್ಲುತ್ತದೆ, ರಕ್ತದ ಹರಿವು ಮಂದವಾಗುತ್ತದೆ.

ಹಾಲಿಗೆ ಹೆಪ್ಪು ಹಾಕಿ ಅಲುಗಿಸದೆ ಇಟ್ಟರೆ ಮೊಸರು ಗಟ್ಟಿಯಾಗಿ ಕೂರುತ್ತದೆ ಎಂಬುದು ಪ್ರತಿ ಗೃಹಿಣಿಗೂ ಗೊತ್ತು. ನಿಂತ ರಕ್ತದ ಕತೆಯೂ ಹೆಚ್ಚುಕಡಿಮೆ ಇದೇ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಇನ್ನೆರಡು ಕಾರಣಗಳೂ ಸೇರಿಕೊಳ್ಳುತ್ತವೆ. ಕತ್ತಿ ತಗಲಿದ ದೇಹ ರಕ್ತ ಸೋರಿ ಹೋಗದಂತೆ ತನ್ನ ಹೆಪ್ಪುಗಟ್ಟುವ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಪ್ರಕೃತಿಯ ದೃಷ್ಟಿಯಲ್ಲಿ ಆಪರೇಷನ್ನೂ ಒಂದು ಗಾಯವೇ. ಸೊಂಟ, ಮಂಡಿ, ಕಿಬ್ಬೊಟ್ಟೆಯ ಆಪರೇಷನ್ನುಗಳಲ್ಲಿ ಅಕ್ಕಪಕ್ಕದ ಅಭಿಧಮನಿಗಳ ಗೋಡೆಗೂ ಏಟು ಬೀಳುತ್ತದೆ.

ಮೀನಖಂಡದ ಆಳದಲ್ಲಿ ಹುಟ್ಟಿದ ಸಣ್ಣ ಹೆಪ್ಪು ಎಷ್ಟೋ ಸಲ ತಾನಾಗಿ ಕರಗಿಹೋಗುತ್ತದೆ. ಕರಗದಿದ್ದರೆ ಬಾಲದಂತೆ ಬೆಳೆಯುತ್ತಾ ಮಂಡಿ ದಾಟಿ ತೊಡೆಗೆ ಏರುತ್ತದೆ. ಅದರ ತುಂಡೊಂದು ಕಳಚಿಕೊಂಡರೆ ರಕ್ತದೊಡನೆ ಹೃದಯದ ಬಲಭಾಗಕ್ಕೆ ಬಂದು, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಸಿಕ್ಕಿಬೀಳುತ್ತದೆ. ತುಂಡು ದೊಡ್ಡದಾಗಿದ್ದರೆ ಶ್ವಾಸಕೋಶಕ್ಕೆ ರಕ್ತವೇ ತಲುಪದೆ ಪ್ರಾಣ ಹೋಗುತ್ತದೆ. ವೈದ್ಯರು ಇದನ್ನು ಪಲ್ಮನರಿ ಎಂಬಾಲಿಸಮ್ ಎನ್ನುತ್ತಾರೆ.

ಬರ್ಲಿನ್ನಿನ ಶವಾಗಾರದಲ್ಲಿ

ಈ ಸಂಬಂಧವನ್ನು ಮೊದಲು ಸ್ಪಷ್ಟವಾಗಿ ಕಂಡವನು ರುಡಾಲ್ಫ್ ವಿರ್ಕೊ. 1840ರ ದಶಕದಲ್ಲಿ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡುತ್ತಿದ್ದ ಈ ಯುವಕನಿಗೆ ಆಗಿನ್ನೂ ಇಪ್ಪತ್ತೈದರ ಆಸುಪಾಸು. ಶ್ವಾಸಕೋಶದ ಅಪಧಮನಿಯಲ್ಲಿ ಕಾಣುವ ರಕ್ತದ ಗಂಟುಗಳು ಅಲ್ಲಿಯೇ ಉರಿಯೂತದಿಂದ ಹುಟ್ಟಿದವು ಎಂಬುದು ಅಂದಿನ ಪಂಡಿತರ ನಂಬಿಕೆ. ಪ್ಯಾರಿಸ್ಸಿನ ಕ್ರುವೆಯೆಯಂತಹ ಪ್ರಸಿದ್ಧರು ಅಭಿಧಮನಿಯ ಉರಿಯೂತವೇ ಬಹುತೇಕ ರೋಗಗಳ ಮೂಲವೆಂದು ಬೋಧಿಸುತ್ತಿದ್ದರು.

ಇಂಥ ಗಂಟು ಸಿಕ್ಕಿದ ಶವಗಳಲ್ಲಿ ಕಾಲಿನ ಅಥವಾ ಕಿಬ್ಬೊಟ್ಟೆಯ ಅಭಿಧಮನಿಯಲ್ಲೂ ಹೆಪ್ಪು ಇರುವುದನ್ನು ವಿರ್ಕೊ ಮತ್ತೆ ಮತ್ತೆ ಕಂಡ. ಹಾಗಾದರೆ ಗಂಟು ಹುಟ್ಟಿದ್ದು ಕೆಳಗೆ, ಮೇಲಕ್ಕೆ ಬಂದದ್ದು ರಕ್ತದ ಪ್ರವಾಹದೊಡನೆ. ನಾಯಿಗಳ ಅಭಿಧಮನಿಯಲ್ಲಿ ರಬ್ಬರಿನ ಚೂರು ಮೊದಲಾದವನ್ನು ಸೇರಿಸಿ, ಅವು ಶ್ವಾಸಕೋಶದಲ್ಲಿ ಹೋಗಿ ಸಿಕ್ಕಿಕೊಳ್ಳುವುದನ್ನು ಆತ ತೋರಿಸಿಕೊಟ್ಟ. ನಿಂತಲ್ಲಿ ಗಟ್ಟಿಯಾದ ಹೆಪ್ಪಿಗೆ ಥ್ರಾಂಬೋಸಿಸ್ ಎಂದೂ, ಕಳಚಿ ಬಂದು ಬೇರೆಡೆ ಅಡ್ಡವಾಗುವ ತುಂಡಿಗೆ ಎಂಬೋಲಸ್ ಎಂದೂ ಇಂದು ವೈದ್ಯರು ಹೇಳುತ್ತಿರುವುದು ಅವನಿಂದ ಬಂದ ಬಳಕೆ. ಮಂದವಾದ ಹರಿವು, ರಕ್ತನಾಳದ ಗೋಡೆಯ ಗಾಯ, ರಕ್ತದ ಗುಣದಲ್ಲಾಗುವ ಬದಲಾವಣೆ ಎಂಬ ಮೂರು ಕಾರಣಗಳನ್ನು ಒಟ್ಟುಗೂಡಿಸಿ 'ವಿರ್ಕೊನ ತ್ರಿಕ' ಎಂದು ಕರೆದವರು ಮಾತ್ರ ನಂತರದ ತಲೆಮಾರಿನವರು.

ಕಾರಣ ತಿಳಿದ ಮೇಲೆ ನಿವಾರಣೆ ದೂರವಿರಬಾರದು. ಆದರೆ ಇತಿಹಾಸ ಬೇರೆಯೇ ದಾರಿ ಹಿಡಿಯಿತು. ಅದೇ ಕಾಲದಲ್ಲಿ ಅರಿವಳಿಕೆಯೂ, ಕ್ರಿಮಿನಾಶಕ ಶಸ್ತ್ರಚಿಕಿತ್ಸೆಯೂ ಬಂದು ಹೊಟ್ಟೆ ಸೀಳುವ ದೊಡ್ಡ ಆಪರೇಷನ್ನುಗಳು ಸಾಧ್ಯವಾದವು; ಅವುಗಳೊಡನೆ ದೀರ್ಘ ವಿಶ್ರಾಂತಿಯ ನಿಯಮವೂ ಬಂತು.

ವಿಶ್ರಾಂತಿಯ ಶತಮಾನ

ಲಂಡನ್ನಿನ ಗೈಸ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಹಿಲ್ಟನ್ 1863ರಲ್ಲಿ ಪ್ರಕಟಿಸಿದ ಗ್ರಂಥ ವಿಶ್ರಾಂತಿ ಮತ್ತು ನೋವಿನ ಕುರಿತಾದದ್ದು. ಪೆಟ್ಟಾದ ಅಂಗಕ್ಕೆ ವಿರಾಮ ಕೊಟ್ಟರೆ ಪ್ರಕೃತಿ ತಾನೇ ಅದನ್ನು ಸರಿಪಡಿಸುತ್ತದೆ ಎಂಬ ಅವನ ವಾದದಲ್ಲಿ ಹುರುಳಿತ್ತು. ಆದರೆ ಒಂದು ಅಂಗಕ್ಕೆ ಹೇಳಿದ ಮಾತು ಮುಂದೆ ಇಡೀ ದೇಹಕ್ಕೆ ಹರಡಿತು. ಹರ್ನಿಯಾ ಆಗಲಿ, ಅಪೆಂಡಿಕ್ಸ್ ಆಗಲಿ, ರೋಗಿ ಬೆನ್ನ ಮೇಲೆ ಮಲಗಿಯೇ ಇರಬೇಕೆಂಬುದು ಕಟ್ಟಳೆಯಾಯಿತು.

ಬಾಣಂತಿಯರ ಪಾಡೂ ಇದೇ. ಹೆರಿಗೆಯಾದ ಮೇಲೆ ಕೆಲವರ ಒಂದು ಕಾಲು ಬಿಳಿಚಿಕೊಂಡು ಊದಿಕೊಳ್ಳುತ್ತಿತ್ತು. ಮೊಲೆಗೆ ಹೋಗಬೇಕಾದ ಹಾಲು ಕಾಲಿಗೆ ಇಳಿದಿದೆ ಎಂದು ನಂಬಿ ಯೂರೋಪಿನ ಹಳಬರು ಅದನ್ನು 'ಹಾಲುಗಾಲು' ಎಂದು ಕರೆದಿದ್ದರು. ಅದು ಅಭಿಧಮನಿಯ ಹೆಪ್ಪು ಎಂದು ತಿಳಿದ ಮೇಲೂ ಚಿಕಿತ್ಸೆ ಬದಲಾಗಲಿಲ್ಲ. ಇನ್ನಷ್ಟು ದಿನ ಅಲುಗಾಡದೆ ಮಲಗುವುದೇ ಮದ್ದು.

ಬೇರೆ ದನಿ ಇರಲಿಲ್ಲವೆಂದಲ್ಲ. ಷಿಕಾಗೋದ ಸ್ತ್ರೀರೋಗ ತಜ್ಞ ಎಮಿಲ್ ರೀಸ್ 1899ರಲ್ಲಿಯೇ ತನ್ನ ರೋಗಿಗಳನ್ನು ಹೊಟ್ಟೆಯ ಆಪರೇಷನ್ ಆದ ಒಂದೆರಡು ದಿನಗಳಲ್ಲಿ ಎಬ್ಬಿಸಿ ನಡೆಸುತ್ತಿರುವುದಾಗಿಯೂ, ಅವರು ಬೇಗ ಚೇತರಿಸಿಕೊಳ್ಳುತ್ತಿರುವುದಾಗಿಯೂ ಬರೆದ. ಆದರೆ ಅವನ ಮಾತನ್ನು ಕೇಳಿದವರು ಕಡಿಮೆ. ಎಬ್ಬಿಸಿದ ರೋಗಿಯ ಹೊಲಿಗೆ ಬಿಚ್ಚಿದರೆ ಅಪವಾದ ವೈದ್ಯನ ತಲೆಗೆ. ಮಲಗಿದ ರೋಗಿ ಹದಿನೈದನೆಯ ದಿನ ಸತ್ತರೆ ಅದು ವಿಧಿ. ಹೀಗಿರುವಾಗ ಯಾರು ಸಾಹಸ ಮಾಡಿಯಾರು?

ಎದೆ ಸೀಳಿ ಹುಡುಕಿದವರು

ಹೆಪ್ಪನ್ನು ತಡೆಯುವ ಬದಲು, ಅದು ಶ್ವಾಸಕೋಶ ತಲುಪಿದ ಮೇಲೆ ಎದೆ ಸೀಳಿ ಹೊರತೆಗೆಯುವ ಹಾದಿಯನ್ನು ಕೆಲವರು ಹಿಡಿದರು. ಲೈಪ್ಸಿಗ್ಗಿನ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ 1908ರಲ್ಲಿ ಇಂಥ ಆಪರೇಷನ್ನಿನ ವಿವರ ಪ್ರಕಟಿಸಿದ. ರೋಗಿ ಸಾಯುತ್ತಿರುವ ಕೆಲವೇ ನಿಮಿಷಗಳೊಳಗೆ ಎದೆ ತೆರೆದು, ಅಪಧಮನಿ ಸೀಳಿ, ಹೆಪ್ಪನ್ನು ಎಳೆದು ತೆಗೆದು, ಮತ್ತೆ ಹೊಲಿಯಬೇಕು. ಅವನ ರೋಗಿಗಳಲ್ಲಿ ಯಾರೂ ಉಳಿಯಲಿಲ್ಲ. 1924ರಲ್ಲಿ ಕೋನಿಗ್ಸ್‌ಬರ್ಗಿನಲ್ಲಿ ಅವನ ಶಿಷ್ಯ ಮಾರ್ಟಿನ್ ಕಿರ್ಷ್‌ನರ್ ಮೊದಲ ಬಾರಿಗೆ ಯಶಸ್ಸು ಕಂಡ. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡ ವೃದ್ಧ ಗುರು ಆ ಸುದ್ದಿ ಬರುವಾಗ ಬದುಕಿದ್ದ.

ಈ ಹಾದಿಯ ಇನ್ನೊಂದು ರಾತ್ರಿ ಚರಿತ್ರೆಯಲ್ಲಿ ಉಳಿದಿದೆ. 1930ರ ದಶಕದ ಆರಂಭದಲ್ಲಿ ಬಾಸ್ಟನ್ನಿನ ಮೆಸಾಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಮಾಡಿಸಿಕೊಂಡಿದ್ದ ಮಹಿಳೆಯೊಬ್ಬರಿಗೆ ಎಂಬಾಲಿಸಮ್ ಆಯಿತು. ಪರಿಸ್ಥಿತಿ ತೀರ ಕೆಟ್ಟರೆ ಮಾತ್ರ ಎದೆ ತೆರೆಯುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಆಕೆಯ ನಾಡಿ, ರಕ್ತದೊತ್ತಡ ನೋಡುತ್ತಾ ಪಕ್ಕದಲ್ಲಿ ಕೂರುವ ಕೆಲಸ ಜಾನ್ ಗಿಬ್ಬನ್ ಎಂಬ ತರುಣ ವೈದ್ಯನಿಗೆ ಬಂತು. ರಾತ್ರಿಯಿಡೀ ಆಕೆ ನೀಲಿಗಟ್ಟುತ್ತಾ ಹೋಗುವುದನ್ನು ಆತ ನೋಡಿದ. ಬೆಳಿಗ್ಗೆ ಅವನ ಮುಖ್ಯಸ್ಥ ಎಡ್ವರ್ಡ್ ಚರ್ಚಿಲ್ ಎದೆ ತೆರೆದು ಹೆಪ್ಪನ್ನು ತೆಗೆದರೂ ಆಕೆ ಬದುಕಲಿಲ್ಲ.

ಆ ರಕ್ತವನ್ನು ಹೊರಗೆ ತೆಗೆದು, ಯಂತ್ರವೊಂದರಲ್ಲಿ ಆಮ್ಲಜನಕ ಬೆರೆಸಿ, ಹಿಂದಕ್ಕೆ ಕೊಡುವಂತಿದ್ದರೆ ಆಕೆ ಉಳಿಯುತ್ತಿದ್ದಳಲ್ಲವೇ ಎಂಬ ಯೋಚನೆ ಗಿಬ್ಬನ್‌ನನ್ನು ಬಿಡಲಿಲ್ಲ. ಪತ್ನಿ ಮೇರಿಯ ನೆರವಿನೊಡನೆ ಎರಡು ದಶಕ ದುಡಿದು ಅವನು ಹೃದಯ ಶ್ವಾಸಕೋಶ ಯಂತ್ರವನ್ನು ಕಟ್ಟಿದ. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಹದಿನೆಂಟರ ಯುವತಿಯೊಬ್ಬಳ ಹೃದಯದ ರಂಧ್ರವನ್ನು ಆ ಯಂತ್ರದ ನೆರವಿನಿಂದ ಮುಚ್ಚಲಾಯಿತು. ಇಂದು ತೆರೆದ ಹೃದಯದ ಚಿಕಿತ್ಸೆ ಪಡೆಯುವ ಲಕ್ಷಾಂತರ ಜನರು ಆ ಮಹಿಳೆಯ ಕಾಲಿನ ಹೆಪ್ಪಿಗೆ ಋಣಿಗಳು.

ಪ್ರಯೋಗಾಲಯ ಮತ್ತು ಕೊಟ್ಟಿಗೆ

ಗಿಬ್ಬನ್‌ನ ಯಂತ್ರ ಕೆಲಸ ಮಾಡಬೇಕಾದರೆ ರಕ್ತ ಕೊಳವೆಗಳಲ್ಲಿ ಗಟ್ಟಿಯಾಗಬಾರದು. ಅದನ್ನು ಸಾಧ್ಯಮಾಡಿದ್ದು ಹೆಪಾರಿನ್. 1916ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ವಿಲಿಯಂ ಹೋವೆಲ್ ಕೆಳಗೆ ಕೆಲಸ ಮಾಡುತ್ತಿದ್ದ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿ, ರಕ್ತವನ್ನು ಗಟ್ಟಿಮಾಡುವ ವಸ್ತುವನ್ನು ಹುಡುಕುತ್ತಿದ್ದ. ಪ್ರಾಣಿಯ ಪಿತ್ತಜನಕಾಂಗದಿಂದ ತೆಗೆದ ಸಾರ ಅದಕ್ಕೆ ತದ್ವಿರುದ್ಧವಾಗಿ ರಕ್ತವನ್ನು ಗಟ್ಟಿಯಾಗಲು ಬಿಡಲಿಲ್ಲ. ಮುಂದೆ ಹೋವೆಲ್ ಪಿತ್ತಜನಕಾಂಗದ ಗ್ರೀಕ್ ಹೆಸರಿನಿಂದ ಇಂಥ ವಸ್ತುವಿಗೆ ಹೆಪಾರಿನ್ ಎಂದು ಹೆಸರಿಟ್ಟ. ಅದನ್ನು ಶುದ್ಧಗೊಳಿಸಿ ಮನುಷ್ಯರಿಗೆ ಕೊಡಲು ಟೊರಾಂಟೋ ಮತ್ತು ಸ್ಟಾಕ್‌ಹೋಮ್‌ನ ವಿಜ್ಞಾನಿಗಳಿಗೆ ಇನ್ನೂ ಸುಮಾರು ಇಪ್ಪತ್ತು ವರ್ಷ ಬೇಕಾಯಿತು. ಸ್ವೀಡನ್ನಿನ ಕ್ಲಾರೆನ್ಸ್ ಕ್ರಾಫೋರ್ಡ್ 1937ರಲ್ಲಿಯೇ ಆಪರೇಷನ್ ಆದವರಿಗೆ ಮುನ್ನೆಚ್ಚರಿಕೆಯಾಗಿ ಹೆಪಾರಿನ್ ಕೊಟ್ಟ ವರದಿ ಮಾಡಿದ.

ಎರಡನೆಯ ಔಷಧಿ ಬಂದದ್ದು ದನದ ಕೊಟ್ಟಿಗೆಯಿಂದ. 1920ರ ದಶಕದಲ್ಲಿ ಉತ್ತರ ಅಮೆರಿಕದ ಬಯಲುಗಳಲ್ಲಿ, ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವನ್ನು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ ರಾಜ್ಯದ ರೈತನೊಬ್ಬ ಸತ್ತ ಹಸುವನ್ನೂ, ಗಟ್ಟಿಯಾಗದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಗಾಡಿಯಲ್ಲಿ ಹಾಕಿಕೊಂಡು ಹಿಮಪಾತದ ನಡುವೆಯೇ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿನ ರಸಾಯನ ವಿಜ್ಞಾನಿ ಕಾರ್ಲ್ ಲಿಂಕ್ ಮತ್ತವನ ಸಂಗಡಿಗರು ಆರೇಳು ವರ್ಷ ಶ್ರಮಿಸಿ ಆ ಮೇವಿನಲ್ಲಿದ್ದ ಡೈಕೂಮರಾಲ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದರ ಸಂಬಂಧಿಯೇ ವಾರ್ಫರಿನ್. 1948ರಲ್ಲಿ ಇಲಿ ಪಾಷಾಣವಾಗಿ ಪೇಟೆಗೆ ಬಂದ ಇದು ಕೆಲವೇ ವರ್ಷಗಳಲ್ಲಿ ಮನುಷ್ಯರ ಔಷಧಿಯಾಯಿತು. 1955ರಲ್ಲಿ ಹೃದಯಾಘಾತಕ್ಕೆ ಒಳಗಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಇದನ್ನು ಕೊಡಲಾಯಿತು.

ಔಷಧಿ ಸಿಕ್ಕಿತು, ಆದರೆ ಆಗತಾನೆ ಕತ್ತರಿಸಿ ಹೊಲಿದ ದೇಹಕ್ಕೆ ರಕ್ತ ಗಟ್ಟಿಯಾಗದಂತೆ ಮಾಡುವ ಮದ್ದು ಕೊಡಲು ಶಸ್ತ್ರವೈದ್ಯರು ಹೆದರಿದರು. ಆ ಹೆದರಿಕೆಗೆ ಕಾರಣವೂ ಇತ್ತು.

ಯುದ್ಧ ಕಲಿಸಿದ ಪಾಠ

ಕಾಲಿನ ಮೇಲಿನ ಒತ್ತಡ, ಅಲುಗಾಡದ ದೇಹ ಇವೇ ಸಾಕು, ಆಪರೇಷನ್ನೂ ಬೇಡ ಎಂಬುದನ್ನು ಲಂಡನ್ ನಗರ 1940ರಲ್ಲಿ ಕಂಡಿತು. ಜರ್ಮನ್ ವಿಮಾನಗಳು ಪ್ರತಿರಾತ್ರಿ ಬಾಂಬು ಸುರಿಸುತ್ತಿದ್ದಾಗ ಜನ ನೆಲಮಾಳಿಗೆಯ ಆಶ್ರಯತಾಣಗಳಲ್ಲಿ ಕ್ಯಾನ್ವಾಸಿನ ಮಡಿಸುವ ಕುರ್ಚಿಗಳ ಮೇಲೆ ಕುಳಿತೇ ನಿದ್ದೆ ಮಾಡುತ್ತಿದ್ದರು. ಕುರ್ಚಿಯ ಅಡ್ಡಪಟ್ಟಿ ತೊಡೆಯ ಹಿಂಭಾಗವನ್ನು ಒತ್ತುತ್ತಿತ್ತು. ಬೆಳಿಗ್ಗೆ ಎದ್ದು ಮನೆಗೆ ಹೊರಟವರಲ್ಲಿ ಕೆಲವರು ಹಠಾತ್ತನೆ ಸತ್ತರು. ಶವಪರೀಕ್ಷಾ ತಜ್ಞ ಕೀತ್ ಸಿಂಪ್ಸನ್ ಲೆಕ್ಕ ಹಾಕಿದಾಗ, ಹಿಂದಿನ ವರ್ಷದ ಅದೇ ಅವಧಿಗಿಂತ ಎಂಬಾಲಿಸಮ್ ಸಾವುಗಳು ಆರು ಪಟ್ಟು ಹೆಚ್ಚಿರುವುದು ಕಂಡುಬಂತು. ಮಲಗಲು ಸರಿಯಾದ ಮಂಚಗಳನ್ನು ಒದಗಿಸುವುದು ಅಗತ್ಯವೆಂದು ಮನವರಿಕೆಯಾಯಿತು.

ಯುದ್ಧಕಾಲದಲ್ಲಿ ಆಸ್ಪತ್ರೆಗಳಲ್ಲಿ ಹಾಸಿಗೆಗಳ ಅಭಾವ, ದಾದಿಯರ ಅಭಾವ. ರೋಗಿಗಳನ್ನು ಬೇಗ ಎಬ್ಬಿಸುವುದು ಅನಿವಾರ್ಯವಾಯಿತು. ಹಾಗೆ ಎದ್ದವರು ಕೆಡಲಿಲ್ಲ; ಹೆಚ್ಚಿನವರು ಬೇಗ ಗುಣವಾದರು. ಹೊಲಿಗೆ ಬಿಚ್ಚುತ್ತದೆಂಬ ಭಯ ಹುಸಿಯಾಯಿತು. 1947ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಆಶರ್, ಹಾಸಿಗೆ ಹಿಡಿಯುವುದರ ಅಪಾಯಗಳ ಕುರಿತು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಾಸ್ಯ ಬೆರೆತ ಲೇಖನ ಬರೆದ. ಅದರಲ್ಲಿ ಆತ ಪಟ್ಟಿ ಮಾಡಿದ ಕೇಡುಗಳಲ್ಲಿ ಕಾಲಿನ ಹೆಪ್ಪೂ ಒಂದು.

ಎಣಿಸಿ ನೋಡಿದ ಭಾರತೀಯ

ಅನುಭವದ ಮಾತು ಒಂದು, ಲೆಕ್ಕದ ಪುರಾವೆ ಇನ್ನೊಂದು. ಈ ಎರಡನೆಯದನ್ನು ಒದಗಿಸುವಲ್ಲಿ ಮುಂಚೂಣಿಯಲ್ಲಿದ್ದವರು ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿದ್ದ ಭಾರತ ಮೂಲದ ಶಸ್ತ್ರವೈದ್ಯ ವಿಜಯ್ ಕಕ್ಕರ್.

ಆಗ ಮುಖ್ಯ ತೊಡಕೆಂದರೆ ಆಳದ ಹೆಪ್ಪು ಕಣ್ಣಿಗೆ ಕಾಣದು. ಎಷ್ಟೋ ರೋಗಿಗಳ ಕಾಲಿನಲ್ಲಿ ಊತವೂ ಇರುವುದಿಲ್ಲ, ನೋವೂ ಇರುವುದಿಲ್ಲ. ಕಕ್ಕರ್ ಮತ್ತು ಸಹೋದ್ಯೋಗಿಗಳು ಹೆಪ್ಪಿನೊಳಗೆ ಸೇರುವ ಫೈಬ್ರಿನೋಜನ್ ಎಂಬ ಪ್ರೋಟೀನಿಗೆ ವಿಕಿರಣಶೀಲ ಅಯೋಡಿನ್ ಅಂಟಿಸಿ ರೋಗಿಯ ರಕ್ತಕ್ಕೆ ಸೇರಿಸಿದರು. ಆಮೇಲೆ ಪ್ರತಿದಿನ ಕಾಲಿನ ಉದ್ದಕ್ಕೂ ಯಂತ್ರ ಹಿಡಿದು ವಿಕಿರಣ ಅಳೆದರು. ಹೆಪ್ಪು ಇದ್ದಲ್ಲಿ ಎಣಿಕೆ ಏರುತ್ತಿತ್ತು. 1969ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಪರೇಷನ್ ಆದ 132 ಮಂದಿಯಲ್ಲಿ 40 ಮಂದಿಗೆ ಕಾಲಿನಲ್ಲಿ ಹೆಪ್ಪು ಪತ್ತೆಯಾಯಿತು. ಅಪರೂಪದ ದುರದೃಷ್ಟವೆಂದು ತಿಳಿದಿದ್ದುದು ಹತ್ತರಲ್ಲಿ ಮೂವರ ಪಾಲಿಗೆ ಬಂದಿತ್ತು. ಅನೇಕರಲ್ಲಿ ಅದು ಆಪರೇಷನ್ ಮೇಜಿನ ಮೇಲಿರುವಾಗಲೇ ಅಥವಾ ಮೊದಲ ಒಂದೆರಡು ದಿನಗಳಲ್ಲೇ ಶುರುವಾಗುತ್ತಿತ್ತು.

ಹಾಗಿದ್ದರೆ ತಡೆಯುವ ಕೆಲಸವೂ ಆಪರೇಷನ್ನಿಗೆ ಮೊದಲೇ ಆರಂಭವಾಗಬೇಕು. ಹೆಪಾರಿನ್ನನ್ನು ತೀರ ಕಡಿಮೆ ಪ್ರಮಾಣದಲ್ಲಿ, ಆಪರೇಷನ್ನಿಗೆ ಎರಡು ಗಂಟೆ ಮೊದಲು ಚರ್ಮದ ಕೆಳಗೆ ಚುಚ್ಚಿ, ಆಮೇಲೆ ಎಂಟು ಗಂಟೆಗೊಮ್ಮೆಯಂತೆ ಒಂದು ವಾರ ಮುಂದುವರಿಸುವ ಕ್ರಮವನ್ನು ಹಲವು ದೇಶಗಳ 28 ಕೇಂದ್ರಗಳಲ್ಲಿ ಪರೀಕ್ಷಿಸಲಾಯಿತು. ಫಲಿತಾಂಶ 1975ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ನಲವತ್ತು ದಾಟಿದ 4,121 ರೋಗಿಗಳು. ಹೆಪಾರಿನ್ ಇಲ್ಲದ 2,076 ಮಂದಿಯಲ್ಲಿ ಭಾರಿ ಎಂಬಾಲಿಸಮ್‌ನಿಂದ ಸತ್ತವರು 16. ಹೆಪಾರಿನ್ ಪಡೆದ 2,045 ಮಂದಿಯಲ್ಲಿ 2. ಗಾಯದ ಬಳಿ ರಕ್ತ ಕಟ್ಟಿಕೊಳ್ಳುವುದು ಸ್ವಲ್ಪ ಹೆಚ್ಚಿತು. ಆದರೆ ಹೆದರಿದಷ್ಟು ಅನಾಹುತವಾಗಲಿಲ್ಲ. 1988ರಲ್ಲಿ ಇಂಥ 70ಕ್ಕೂ ಹೆಚ್ಚು ಪ್ರಯೋಗಗಳ ಸುಮಾರು 16,000 ರೋಗಿಗಳ ವಿವರವನ್ನು ಒಟ್ಟುಗೂಡಿಸಿ ನೋಡಿದಾಗಲೂ ಇದೇ ತೀರ್ಮಾನ ಗಟ್ಟಿಯಾಯಿತು.

ಮುಂದೆ ದಿನಕ್ಕೊಮ್ಮೆ ಚುಚ್ಚಿದರೆ ಸಾಕಾಗುವ ಹೊಸ ಬಗೆಯ ಹೆಪಾರಿನ್‌ಗಳು 1980ರ ದಶಕದಲ್ಲೂ, ನುಂಗುವ ಹೊಸ ಮಾತ್ರೆಗಳು 2008ರಿಂದ ಈಚೆಗೂ ಬಂದವು. ಕಾಲನ್ನು ಗಾಳಿಯ ಚೀಲದಿಂದ ಹಿಂಡುವ ಪಂಪುಗಳು ಮೀನಖಂಡದ ಕೆಲಸವನ್ನು ಅನುಕರಿಸುತ್ತವೆ. ಕಕ್ಕರ್ ಲಂಡನ್ನಿನಲ್ಲಿ ಕಟ್ಟಿದ ಥ್ರಾಂಬೋಸಿಸ್ ಸಂಶೋಧನಾ ಸಂಸ್ಥೆಯ ಶಾಖೆಯೊಂದು ಈ ಶತಮಾನದ ಆರಂಭದ ವರ್ಷಗಳಲ್ಲಿ ಬೆಂಗಳೂರಿನ ಬೊಮ್ಮಸಂದ್ರದಲ್ಲಿಯೂ ತೆರೆಯಿತು.

ತಿಳಿದಿದ್ದರೂ ಮಾಡದಿದ್ದರೆ

ಕಾಲಿನ ಹೆಪ್ಪು ಬಿಳಿಯರ ಕಾಯಿಲೆ, ಭಾರತೀಯರಿಗೆ ಅದು ಬರುವುದು ಅಪರೂಪ ಎಂಬ ಮಾತು ವೈದ್ಯರಲ್ಲೇ ಬಹುಕಾಲ ಚಾಲ್ತಿಯಲ್ಲಿತ್ತು. ಹುಡುಕುವ ಸಾಧನಗಳಿಲ್ಲದೆಡೆ, ಶವಪರೀಕ್ಷೆಗೆ ಮನೆಯವರು ಒಪ್ಪದೆಡೆ, ಯಾವ ರೋಗವೂ ಅಪರೂಪವೆಂದೇ ಕಾಣುತ್ತದೆ. ಆಪರೇಷನ್ ಆದ ಹತ್ತನೆಯ ದಿನ ಹಠಾತ್ತನೆ ಸತ್ತವರನ್ನು 'ಹಾರ್ಟ್ ಅಟ್ಯಾಕ್' ಎಂದು ಬರೆದು ಮುಗಿಸಿದ ಪ್ರಸಂಗಗಳಲ್ಲಿ ಎಷ್ಟು ಇದರ ಲೆಕ್ಕಕ್ಕೆ ಸೇರಬೇಕಿತ್ತೋ ಯಾರು ಬಲ್ಲರು. ಅಲ್ಟ್ರಾಸೌಂಡ್ ಹರಡಿದಂತೆ ಆ ನಂಬಿಕೆ ಸಡಿಲವಾಗಿದೆ.

ಅಪಾಯ ಎಲ್ಲರಿಗೂ ಸಮನಲ್ಲ. ಸೊಂಟ, ಮಂಡಿಯ ಕೀಲು ಬದಲಾವಣೆ, ಸೊಂಟದ ಮುರಿತ, ಕ್ಯಾನ್ಸರಿನ ದೊಡ್ಡ ಆಪರೇಷನ್ನುಗಳಲ್ಲಿ ಅದು ಹೆಚ್ಚು. ವಯಸ್ಸು, ಬೊಜ್ಜು, ಹಿಂದೊಮ್ಮೆ ಹೆಪ್ಪು ಕಟ್ಟಿದ ಇತಿಹಾಸ, ಈಚಿನ ಹೆರಿಗೆ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳು ಇದನ್ನು ಏರಿಸುತ್ತವೆ. ಆದ್ದರಿಂದ ಪ್ರತಿ ರೋಗಿಯನ್ನೂ ಮೊದಲೇ ಅಳೆದು, ರಕ್ತಸ್ರಾವದ ಭಯವನ್ನೂ ಹೆಪ್ಪಿನ ಭಯವನ್ನೂ ತೂಗಿ ನೋಡಿ ಮದ್ದು ನಿರ್ಧರಿಸಬೇಕಾಗುತ್ತದೆ. ಇದು ಅಂಗಡಿಯಿಂದ ಕೊಂಡು ನುಂಗುವ ಮದ್ದಲ್ಲ.

ತಿಳಿವಳಿಕೆ ಎಲ್ಲೆಡೆ ಆಚರಣೆಗೆ ಬಂದಿದೆಯೇ? 2008ರಲ್ಲಿ ಪ್ರಕಟವಾದ, ಭಾರತವೂ ಸೇರಿ 32 ದೇಶಗಳ 358 ಆಸ್ಪತ್ರೆಗಳ 68,183 ರೋಗಿಗಳ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಪ್ಪಿನ ಅಪಾಯದಲ್ಲಿದ್ದರು. ಆ ಅಪಾಯದಲ್ಲಿದ್ದವರಲ್ಲಿ ಸೂಕ್ತ ಮುನ್ನೆಚ್ಚರಿಕೆ ಸಿಕ್ಕಿದ್ದು ಸುಮಾರು ಅರ್ಧದಷ್ಟು ಜನರಿಗೆ ಮಾತ್ರ. ಲ್ಯಾನ್ಸೆಟ್ ವರದಿ ಬಂದು ಆಗ 33 ವರ್ಷವಾಗಿತ್ತು.

ಆಸ್ಪತ್ರೆಯಿಂದ ಹೊರಬಿದ್ದ ಮಾತ್ರಕ್ಕೆ ಅಪಾಯ ಮುಗಿಯುವುದಿಲ್ಲ. ಹಲವು ವಾರ ಅದು ಉಳಿದಿರುತ್ತದೆ. ಒಂದೇ ಕಾಲು ಊದಿಕೊಂಡು ನೋಯುವುದು, ಮೀನಖಂಡ ಬಿಸಿಯಾಗುವುದು, ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಎದೆ ಚುಚ್ಚುವುದು, ಕೆಮ್ಮಿನಲ್ಲಿ ರಕ್ತ, ತಲೆಸುತ್ತಿ ಬೀಳುವುದು ಇವುಗಳಲ್ಲಿ ಯಾವುದು ಕಂಡರೂ ಕಾಲು ತಿಕ್ಕುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಊದಿದ ಕಾಲಿಗೆ ಎಣ್ಣೆ ಹಚ್ಚಿ ನೀವುವುದರಿಂದ ಹೆಪ್ಪು ಕಳಚಿಕೊಳ್ಳುವ ಭಯವಿದೆ.

ಬೆಳಿಗ್ಗೆ ಬಂದು ಎಬ್ಬಿಸುವ ನರ್ಸಿಗೆ ವಿರ್ಕೊನ ಹೆಸರು ನೆನಪಿರಬೇಕೆಂದೇನಿಲ್ಲ. ಬಾಸ್ಟನ್ನಿನ ಆ ಮಹಿಳೆಯ ಕತೆ ಕೇಳಿರಬೇಕಾಗಿಯೂ ಇಲ್ಲ. ಆದರೆ ಆಕೆ ಚಾಚಿದ ಕೈ ಹಿಡಿದು, ನೋವು ನುಂಗಿಕೊಂಡು, ರೋಗಿ ಮಂಚದಿಂದ ಬಾಗಿಲವರೆಗೆ ಹಾಕುವ ಆ ನಾಲ್ಕು ಹೆಜ್ಜೆಗಳಲ್ಲಿ ಮೀನಖಂಡ ನಾಲ್ಕು ಸಲ ಬಿಗಿಯುತ್ತದೆ, ನಿಂತ ರಕ್ತ ಮೇಲಕ್ಕೆ ಹರಿಯುತ್ತದೆ. ಮನೆಯವರು ಮಾಡಬಹುದಾದ ದೊಡ್ಡ ಉಪಕಾರವೆಂದರೆ "ಇವತ್ತೊಂದು ದಿನ ಮಲಗಿರಲಿ" ಎನ್ನದೆ, ಇನ್ನೊಂದು ಕಡೆಯಿಂದ ತೋಳು ಹಿಡಿದುಕೊಳ್ಳುವುದು.